ಧರ್ಮಶಾಲೆ ಎಂಬ ಮಸೀದಿ, ದಾನಕ್ಕೂ ಲೆಕ್ಕವುಂಟು

ಹಂಪಿಗೆ ಬರುವ ಬಹುತೇಕ ಪ್ರವಾಸಿಗರು ನೋಡದೇ ಹೋಗುವ ಕಟ್ಟಡವೊಂದು ಕಮಲಾಪುರದಿಂದ ತಳವಾರಘಟ್ಟದತ್ತ ಸಾಗುವ ರಸ್ತೆಯ ಬಳಿ ಇದೆ. ಹೊರನೋಟಕ್ಕೆ ಗುಡಿಯ ಕಂಬದ ಮಂಟಪದಂತೆಯೇ ಕಾಣುತ್ತದೆ. ಮಿನಾರ್ ಇಲ್ಲ, ಗುಮ್ಮಟ ಇಲ್ಲ. ಆದರೂ ಅದು ಮಸೀದಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನ ಮಾತ್ರ ಅದನ್ನು ‘ಧರ್ಮಶಾಲೆ’ ಎನ್ನುತ್ತದೆ; ದೊರೆಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಹೇಳುತ್ತದೆ.

ಮಸೀದಿಗೆ ಊರಿನವರಿಗೆ ತಿಳಿಯುವ ಹೆಸರಿಟ್ಟ ಎಂದು ಇದನ್ನು ವಿವರಿಸುವುದುಂಟು. ಹೆಸರು ಅಷ್ಟೇನೂ ದೂರದ್ದಲ್ಲ. ಇಸ್ಲಾಮಿನಲ್ಲಿ ಪ್ರಾರ್ಥನೆ ಒಂದು ಕಡೆ, ದಾನ ಇನ್ನೊಂದು ಕಡೆ ಎಂಬುದಿಲ್ಲ. ಐದು ಮೂಲ ಕರ್ತವ್ಯಗಳಲ್ಲಿ ನಮಾಜಿನ ಜೊತೆಗೇ ಜಕಾತ್ ಕೂಡ ಬರುತ್ತದೆ.

ಜಕಾತ್ ಕರುಣೆಯಿಂದ ಕೊಡುವ ಕಾಸಲ್ಲ, ತೀರಿಸಲೇಬೇಕಾದ ಬಾಕಿ. ನಿಗದಿತ ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರ ಶೇ 2.5ರಷ್ಟು ಬಡವರ ಪಾಲು. ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸಿದೆ. ಸಾಲದಲ್ಲಿ ಮುಳುಗಿದವರೂ ಅದರಲ್ಲಿದ್ದಾರೆ ಎಂಬುದು ಗಮನಿಸಬೇಕಾದ ಮಾತು. ರಂಜಾನ್ ತಿಂಗಳಲ್ಲಿ ಕೊಟ್ಟರೆ ಪುಣ್ಯ ಹೆಚ್ಚೆಂದು ನಂಬುವವರು ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಲೆಕ್ಕ ಹಾಕುವುದು ಆಗಲೇ. ಈದ್ ನಮಾಜಿಗೆ ಮೊದಲು ತಲೆಗಿಷ್ಟೆಂದು ಧಾನ್ಯ ಅಥವಾ ಅದರ ಬೆಲೆ ಕೊಡುವ ಫಿತ್ರಾ ಬೇರೆ. ಹಬ್ಬದ ದಿನ ಯಾರ ಒಲೆಯೂ ಆರಿರಬಾರದು ಎಂಬುದೇ ಅದರ ಉದ್ದೇಶ.

ತೊಡಕು ಶುರುವಾಗುವುದು ಇಲ್ಲಿಂದ. ತುಂಗಭದ್ರೆ ಉಕ್ಕಿ ಕಂಪ್ಲಿಯ ತಗ್ಗಿನ ಮನೆಗಳಿಗೆ ನುಗ್ಗುವಾಗ ಒಳಗಿರುವವರ ಜಾತಿ-ಮತ ಕೇಳುವುದಿಲ್ಲ. ಆದರೆ ಜಕಾತ್ ಹಣ ಮುಸ್ಲಿಂ ಬಡವರಿಗೇ ಸಲ್ಲಬೇಕೆಂಬುದು ಹೆಚ್ಚಿನ ಧರ್ಮಶಾಸ್ತ್ರಜ್ಞರ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಅತ್ತ ರೆಡ್‌ಕ್ರಾಸ್ ಮತ್ತಿತರ ಸಂಸ್ಥೆಗಳು 1994ರಲ್ಲಿ ಒಪ್ಪಿದ ನೀತಿಸಂಹಿತೆ, ನೆರವಿಗೆ ಅಗತ್ಯವೊಂದೇ ಅಳತೆ, ಮತ ಅಡ್ಡ ಬರಕೂಡದು ಎನ್ನುತ್ತದೆ. ಆಫ್ರಿಕಾದ ಬರಗಾಲದ ಹಿನ್ನೆಲೆಯಲ್ಲಿ 1984ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ‘ಇಸ್ಲಾಮಿಕ್ ರಿಲೀಫ್’ನಂಥ ಸಂಸ್ಥೆಗಳು ಎರಡಕ್ಕೂ ಉತ್ತರ ಹೇಳಬೇಕು: ಕೊಟ್ಟವನ ಶ್ರದ್ಧೆಗೂ, ಪಡೆಯುವವನ ಹಸಿವಿಗೂ.

ದಾರಿ ಸಂಪ್ರದಾಯದೊಳಗೇ ಇದೆ. ಸ್ವಇಚ್ಛೆಯ ದಾನವಾದ ಸದಕಾಗೆ ಅಂಥ ಕಟ್ಟಿಲ್ಲ. ಯಾವ ಮತದವನಿಗೂ ಕೊಡಬಹುದು. ಹಾಗಾಗಿ ಜಕಾತ್ ಮತ್ತು ಸದಕಾ ಹಣವನ್ನು ಬೇರೆ ಬೇರೆ ಲೆಕ್ಕದಲ್ಲಿಡುವ ರೂಢಿಯಿದೆ. ನೆರೆ ಬಂದ ರಾತ್ರಿ ಅನ್ನದ ಪೊಟ್ಟಣ ಬಿಚ್ಚಿದವನಿಗೆ ಅದು ಯಾವ ಖಾತೆಯದೆಂದು ತಿಳಿಯಬೇಕಾಗಿಲ್ಲ.