ತೂಕ ಒಂದೇ ಆದರೆ ಸಾಲದು: ಅಡ್ಡಬಿಲ್ಲಿನ ಎರಡು ಮೊನೆಗಳು

ಬೆಳೆದ ಬೆಳೆಯನ್ನು ಕಾಡುಮೃಗದ ಬಾಯಿಂದ ಉಳಿಸಿಕೊಳ್ಳುವ ಕಷ್ಟ ನಮಗೆ ಮಾತ್ರ ಬಂದುದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಬೇಸಾಯಗಾರನೂ ತನ್ನ ಮೆಕ್ಕೆಜೋಳ, ಸೋಯಾ ಅವರೆಯ ಹೊಲಗಳಲ್ಲಿ ಬಿಳಿಬಾಲದ ಜಿಂಕೆಯಿಂದ ನಷ್ಟ ಅನುಭವಿಸುತ್ತಾನೆ. ಅಲ್ಲಿ ಸರಕಾರವು ಋತುವನ್ನು ಗೊತ್ತುಮಾಡಿ, ಪರವಾನಿಗೆ ಕೊಟ್ಟು ಜಿಂಕೆಯ ಬೇಟೆಗೆ ಅನುಮತಿ ನೀಡುತ್ತದೆ. ಓಹಾಯೋ, ಪೆನ್ಸಿಲ್ವೇನಿಯಾ ಮೊದಲಾದ ಸಂಸ್ಥಾನಗಳಲ್ಲಿ ಕ್ರಾಸ್‌ಬೋ ಎಂಬ ಅಡ್ಡಬಿಲ್ಲನ್ನೂ ಇದಕ್ಕೆ ಬಳಸುತ್ತಾರೆ. ದಿಂಡಿನ ಮುಂತುದಿಗೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿ, ನಾಣನ್ನು ಹಿಂದಕ್ಕೆಳೆದು ಕೊಕ್ಕೆಗೆ ಸಿಕ್ಕಿಸಿ, ಕೋವಿಯ ಹಾಗೆಯೇ ಗುರಿಹಿಡಿದು ಬಾಣ ಬಿಡುವ ಸಾಧನವಿದು.

ಬಿಲ್ಲುಗಾರಿಕೆ ನಮ್ಮ ಸೀಮೆಗೂ ಹೊಸತಲ್ಲ. ೧೮೦೨ರಲ್ಲಿ ವಯನಾಡಿನ ಪನಮರಂ ಕೋಟೆಯಲ್ಲಿ ಕುಂಪಣಿಯ ಸೈನ್ಯವನ್ನು ಸೋಲಿಸಿದವರು ತಲಕ್ಕಲ್ ಚಂದುವಿನ ಜೊತೆಗಿದ್ದ ಕುರಿಚ್ಯ ಬಿಲ್ಲುಗಾರರು. ಆದುದರಿಂದ ಬಾಣದ ಮೊನೆಯ ಮರ್ಮವನ್ನು ತಿಳಿಯುವುದು ನಮ್ಮವರಿಗೂ ರುಚಿಸೀತು.

ಅಡ್ಡಬಿಲ್ಲಿನ ಬಾಣಕ್ಕೆ ತಿರುಪಿನಿಂದ ಕೂರಿಸುವ ಮೊನೆಗಳು ಎರಡು ಬಗೆ. ಒಂದು ಅಭ್ಯಾಸದ ಮೊನೆ. ಇದು ಉರುಟಾಗಿ, ನಯವಾಗಿ, ತುದಿ ಮಾತ್ರ ಚೂಪಾಗಿ ಇರುತ್ತದೆ. ಇನ್ನೊಂದು ಬೇಟೆಯ ಅಲಗುಮೊನೆ. ಇದಕ್ಕೆ ಕ್ಷೌರದ ಕತ್ತಿಯಂಥ ಎರಡು, ಮೂರು ಅಥವಾ ನಾಲ್ಕು ಅಲಗುಗಳು. ಮೊನೆಯ ತೂಕವನ್ನು ಗ್ರೇನಿನಲ್ಲಿ ಹೇಳುತ್ತಾರೆ. ನಮ್ಮ ಹಳೆಯ ತೊಲವೆಂದರೆ ೧೮೦ ಗ್ರೇನು. ೧೦೦ ಗ್ರೇನಿನ ಮೊನೆ ಸುಮಾರು ಆರೂವರೆ ಗ್ರಾಂ, ಅಂದರೆ ಅರ್ಧ ತೊಲಕ್ಕಿಂತ ತುಸು ಹೆಚ್ಚು. ೧೦೦, ೧೨೫, ೧೫೦ ಗ್ರೇನಿನವು ಸಾಮಾನ್ಯ ಬಳಕೆಯವು.

ಮೊದಲನೆಯ ನಿಯಮ: ಬೇಟೆಗೆ ಯಾವ ತೂಕದ ಅಲಗೋ ಅಭ್ಯಾಸಕ್ಕೂ ಅದೇ ತೂಕದ ಮೊನೆ. ೧೦೦ ಗ್ರೇನಿನಲ್ಲಿ ಕೈ ಪಳಗಿಸಿ ೧೫೦ ಗ್ರೇನಿನದನ್ನು ತೊಡಿಸಿದರೆ ಬಾಣದ ವೇಗ ತಗ್ಗುತ್ತದೆ, ಗುರಿಗಿಂತ ಕೆಳಗೆ ನಾಟುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನೇ ನಂಬದೆ ಅಕ್ಕಸಾಲಿಗರ ತಕ್ಕಡಿಯಂಥ ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ನೋಡುವುದು ಒಳ್ಳೆಯದು.

ಆದರೆ ತೂಕ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಲಗುಗಳು ಗಾಳಿಯನ್ನು ಹಿಡಿಯುತ್ತವೆ. ಬಾಣದ ಹಿಂದಿನ ಗರಿಗಳು ಅದನ್ನು ನೇರವಾಗಿ ನಡೆಸಲು ನೋಡಿದರೆ, ಮುಂದಿನ ಅಲಗುಗಳು ರೆಕ್ಕೆಗಳಂತಾಗಿ ತಮ್ಮ ದಾರಿಗೆ ಎಳೆಯುತ್ತವೆ. ಮೊನೆ ಕೂದಲೆಳೆಯಷ್ಟು ವಾರೆಯಾಗಿ ಕೂತರೂ ಗುರಿ ತಪ್ಪುತ್ತದೆ. ಬಾಣದ ವೇಗ ಹೆಚ್ಚಿದಷ್ಟೂ ಈ ದೋಷ ಎದ್ದು ಕಾಣುತ್ತದೆ. ಹಾರುವಾಗ ಮಡಚಿಕೊಂಡು, ತಾಗಿದೊಡನೆ ಬಿಚ್ಚಿಕೊಳ್ಳುವ ಅಲಗುಗಳೂ ಇವೆ. ಅವು ಬಹುಮಟ್ಟಿಗೆ ಅಭ್ಯಾಸದ ಮೊನೆಯಂತೆಯೇ ಹಾರುತ್ತವೆ. ಆದರೆ ಬಿಚ್ಚಿಕೊಳ್ಳುವುದಕ್ಕೆ ಬಾಣದ ಬಲದಲ್ಲಿ ಸ್ವಲ್ಪ ಖರ್ಚಾಗುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ಅಲಗನ್ನು ಬರಿಗೈಯಿಂದ ತಿರುಗಿಸದೆ, ಅದಕ್ಕೆಂದೇ ಇರುವ ಹಿಡಿಕೆಯಿಂದ ಬಿಗಿಮಾಡಬೇಕು. ಬಾಣವನ್ನು ಮೊನೆಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದಾಗ ಅದು ಓಲಾಡಿದರೆ ಆ ಜೋಡಿ ಕೆಲಸಕ್ಕೆ ಬಾರದು. ಬಳಿಕ ೨೦ ಗಜ ದೂರದಿಂದ ಅಭ್ಯಾಸದ ಮೊನೆಯ ಮೂರು ಬಾಣ, ಅನಂತರ ಅಲಗುಮೊನೆಯ ಮೂರು ಬಾಣ ಬಿಡಬೇಕು. ಒಂದೊಂದು ಬಾಣಕ್ಕೆ ಒಂದೊಂದು ಬೇರೆ ಚುಕ್ಕೆಯನ್ನು ಗುರಿಯಾಗಿಡಬೇಕು; ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ಸೀಳಿಬಿಟ್ಟೀತು. ಅಲಗನ್ನು ತಡೆಯಬಲ್ಲ ಗಟ್ಟಿ ಫೋಮಿನ ಗುರಿಯೇ ಬೇಕು. ಚೀಲದ ಗುರಿಯನ್ನು ಅದು ಕತ್ತರಿಸಿಹಾಕುತ್ತದೆ. ೨೦ ಗಜದಲ್ಲಿ ಸರಿಬಂದ ಮೇಲೆ ೩೦, ೪೦ ಗಜಕ್ಕೆ ಹೋಗಬೇಕು.

ಎರಡೂ ಬೇರೆ ಬೇರೆ ಕಡೆ ನಾಟಿದರೆ ಬೇರೊಂದು ಅಲಗನ್ನು ಪರೀಕ್ಷಿಸಬೇಕು. ಅಲಗುಗಳೆಲ್ಲ ಒತ್ತೊತ್ತಾಗಿ ಒಂದೇ ಕಡೆ ನಾಟಿ, ಆ ಜಾಗ ಮಾತ್ರ ಪಕ್ಕಕ್ಕಿದ್ದರೆ ಗುರಿದರ್ಶಕವನ್ನು ಅಲಗಿಗೇ ಹೊಂದಿಸಿಕೊಂಡರಾಯಿತು. ಅಭ್ಯಾಸದಲ್ಲಿ ಮೊಂಡಾದ ಅಲಗನ್ನು ಬೇಟೆಗೆ ಒಯ್ಯಬಾರದು. ಬಿಲ್ಲು ಮಾಡಿದವರು ಹೇಳಿದ ತೂಕಕ್ಕಿಂತ ಹಗುರವಾದ ಬಾಣವನ್ನು ಹೂಡಬಾರದು; ಬಾಣವಿಲ್ಲದೆ ನಾಣನ್ನು ಬಿಡಲೇಬಾರದು. ಬಿಲ್ಲು ಮುರಿದು ಮೈಗೆ ಸಿಡಿದೀತು.

ಇಷ್ಟೊಂದು ಜಾಗ್ರತೆ ಏತಕ್ಕೆ? ಬಾಣ ಕೊಲ್ಲುವುದು ರಕ್ತಸ್ರಾವದಿಂದ. ನಾಲ್ಕು ಅಂಗುಲ ಪಕ್ಕಕ್ಕೆ ಹೋದರೆ ಆ ಮೂಕಪ್ರಾಣಿ ಗಾಯವನ್ನು ಹೊತ್ತು ಪೊದೆ ಸೇರಿ, ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ನರಳುತ್ತದೆ. ಕೊಲ್ಲುವ ಅಧಿಕಾರ ಪಡೆದವನಿಗೆ ನರಳಿಸದಿರುವ ಹೊಣೆಯೂ ಉಂಟು.

ಕೊನೆಗೊಂದು ಎಚ್ಚರಿಕೆಯ ಮಾತು. ಮರಗೆಣಸು, ಬಾಳೆಯನ್ನು ರಾತ್ರಿ ಬೆಳಗಾಗುವುದರೊಳಗೆ ಹಂದಿ ಬುಡಮೇಲು ಮಾಡಿದಾಗ ಹೊಟ್ಟೆ ಉರಿಯುವುದು ಸಹಜ. ಆದರೆ ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧ. ಅಡ್ಡಬಿಲ್ಲಿನಿಂದಾದರೂ ಅಷ್ಟೇ, ಉರುಳಿನಿಂದಾದರೂ ಅಷ್ಟೇ. ೨೦೨೨ರಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿನ ಅಧ್ಯಕ್ಷರಿಗೆ ವಹಿಸಿದಾಗಲೂ ವಿಷ, ಸಿಡಿಮದ್ದು, ವಿದ್ಯುತ್ತನ್ನು ಬಳಸಕೂಡದೆಂದು ವಿಧಿಸಿತ್ತು. ಆದುದರಿಂದ ಹಾನಿಯಾದವರು ಮೊದಲು ಪಂಚಾಯತಿಗೂ ಅರಣ್ಯ ಇಲಾಖೆಗೂ ಲಿಖಿತವಾಗಿ ದೂರು ಕೊಡಬೇಕು, ಪರಿಹಾರದ ಅರ್ಜಿಯನ್ನೂ ಸಲ್ಲಿಸಬೇಕು. ಬೆಳೆ ಹೋದರೆ ಮುಂದಿನ ವರ್ಷ ಬೆಳೆದೀತು. ಕೋರ್ಟು ಹತ್ತಿದ ಮನೆ ಸುಧಾರಿಸಿಕೊಳ್ಳುವುದು ಸುಲಭವಲ್ಲ.