ಹಗಲು ಕಂಪನಿ ಆಟ, ರಾತ್ರಿ ಸ್ವಂತ ಆಟ: ಹಕ್ಕು ಯಾರದ್ರಿ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರು ಕೈಯಲ್ಲೊಂದು ಬ್ಯಾಗು ಹಿಡಿದು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗುವುದು ಹೊಸದಲ್ಲ. ಆದರೆ "ಮಗಾ ಏನ್ ಮಾಡ್ತಾನ್ರಿ?" ಎಂದು ಕೇಳಿದಾಗ "ಗೇಮ್ ಮಾಡೋ ಕಂಪನ್ಯಾಗ ಅದಾನ್ರಿ" ಎಂಬ ಉತ್ತರ ಬಂದರೆ ಅಂಗಡಿ ಕಟ್ಟೆಯ ಮೇಲೆ ಕುಂತವರು ಮುಖ ಮುಖ ನೋಡುತ್ತಾರೆ. ಆಟಕ್ಕೂ ಪಗಾರ ಕೊಡ್ತಾರೇನು?

ಕೊಡುತ್ತಾರೆ. ಆಡಿದ್ದಕ್ಕಲ್ಲ, ಮಾಡಿದ್ದಕ್ಕೆ! ಇದು ಮಟಕಾ ಅಲ್ಲ, ಇಸ್ಪೀಟೂ ಅಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಆ ದಂಧೆ ಬೇರೆ, ಈ ಕಸುಬು ಬೇರೆ. ಬೆಂಗಳೂರಿನಲ್ಲಿ 1997ರಲ್ಲೇ 'ಧ್ರುವ ಇಂಟರ್‌ಆ್ಯಕ್ಟಿವ್' ಎಂಬ ಕಂಪನಿ ಶುರುವಾಗಿ, ಪರದೇಶದ ಆಟಗಳಿಗೆ ಕಾರು, ರಸ್ತೆ, ಕಟ್ಟಡಗಳ ಚಿತ್ರ ಮಾಡಿಕೊಡುತ್ತಿತ್ತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು.

ದಿನವಿಡೀ ಮಂದಿಯ ಆಟಕ್ಕೆ ಬಣ್ಣ ಬಳಿದವನಿಗೆ ರಾತ್ರಿ ತನ್ನದೇ ಒಂದು ಆಟ ಮಾಡುವ ಹುಕಿ ಬರುವುದು ಸಹಜ. ನಮ್ಮ ಭಾಗದಲ್ಲಿ ಹಗಲು ಹೊಲದಲ್ಲಿ ದುಡಿದು ರಾತ್ರಿ ಶ್ರೀಕೃಷ್ಣ ಪಾರಿಜಾತಕ್ಕೆ ಬಣ್ಣ ಹಚ್ಚಿದವರು ಎಷ್ಟು ಮಂದಿಯಿಲ್ಲ? ಅವರನ್ನು ಯಾರೂ ತಡೆಯಲಿಲ್ಲ. ಗೇಮಿನ ಹುಡುಗನಿಗೆ ಮಾತ್ರ ತಡೆಯುವವರುಂಟು.

ಎಲೆ ಯಾರದೋ, ಬೀಡಿ ಅವರದು

ನಿಪ್ಪಾಣಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲೆ, ತಂಬಾಕು ಮಾಲೀಕನದಾದರೆ ಮನೆಯಲ್ಲಿ ಕೂತು ಕಟ್ಟಿದ ಬೀಡಿಯೂ ಮಾಲೀಕನದೇ. ಕಟ್ಟಿದವಳಿಗೆ ಮಜೂರಿ ಮಾತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮೂ ಹೆಚ್ಚು ಕಡಿಮೆ ಇದೇ ಧಾಟಿಯದು. ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಕರಾರು ಇಲ್ಲದಿದ್ದರೆ, ಧಣಿಯೇ ಮೊದಲ ಒಡೆಯ. ಕಂಪ್ಯೂಟರ್ ಪ್ರೋಗ್ರಾಂ ಕೂಡ ಆ ಕಾಯ್ದೆಯಲ್ಲಿ ಸಾಹಿತ್ಯ ಕೃತಿಯೇ!

ಹಾಗಾದರೆ ಸ್ವಂತ ವೇಳೆಯಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ ಮಾಡಿದ್ದು? ಕಾಯ್ದೆಯ ಲೆಕ್ಕದಲ್ಲಿ ಅದು ಮಾಡಿದವನದು. ಆದರೆ ನೇಮಕಾತಿ ಪತ್ರದ ಒಳಪುಟದಲ್ಲಿ "ನೌಕರಿಯಲ್ಲಿರುವಷ್ಟು ಕಾಲ ಮಾಡಿದ್ದೆಲ್ಲ ಕಂಪನಿಯದು" ಎಂದು ಬರೆದಿದ್ದರೆ ತಕರಾರು ತಪ್ಪಿದ್ದಲ್ಲ. ಸಂಬಳದ ಸಾಲು ಓದಿ ಸಹಿ ಹಾಕುವವರೇ ಹೆಚ್ಚು. ಆ ಸಾಲು ಓದುವವರು ಕಡಿಮೆ.

ಮಾಸ್ಕೋದ ಕಥೆ ಕೇಳಿ. 1984ರಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬಾತ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದ ನೌಕರನಾಗಿದ್ದಾಗಲೇ 'ಟೆಟ್ರಿಸ್' ಮಾಡಿದ. ಜಗತ್ತೆಲ್ಲ ಆಡಿತು. ಹಕ್ಕು ಹೋದದ್ದು ಸರಕಾರಕ್ಕೆ. ಆತನ ಕೈಗೆ ರಾಯಧನ ಬರಲು 1996 ಆಗಬೇಕಾಯಿತು!

ನಮ್ಮಲ್ಲೂ 2022ರಲ್ಲಿ ದೊಡ್ಡ ಗದ್ದಲವಾಯಿತು. ಬೇರೆ ಕಂಪನಿಗೂ ದುಡಿಯುತ್ತಿದ್ದರೆಂದು ವಿಪ್ರೋ 300 ಮಂದಿಯನ್ನು ಮನೆಗೆ ಕಳಿಸಿತು. ಅದೇ ವರ್ಷ ಇನ್ಫೋಸಿಸ್, ಮೊದಲೇ ಅನುಮತಿ ಪಡೆದು, ಪೈಪೋಟಿ ಅಲ್ಲದ ಹೊರಗೆಲಸ ಮಾಡಬಹುದೆಂದಿತು. ಗೇಮ್ ಕಂಪನಿಯವನು ಮನೆಯಲ್ಲೂ ಗೇಮೇ ಮಾಡಿದರೆ 'ಪೈಪೋಟಿ' ಎನ್ನುವುದು ಸುಲಭ. ಪೇಚು ಇರುವುದು ಇಲ್ಲೇ.

ನೌಕರಿ ಬಿಡಬೇಕೇ?

ಅವಸರ ಬೇಡ. ಅಮೆರಿಕದ ಸಿಯಾಟಲ್‌ನ ಎರಿಕ್ ಬರೋನ್ ಸಂಜೆ ನಾಟಕಗೃಹದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತ, ಉಳಿದ ಹೊತ್ತಿನಲ್ಲಿ ಒಬ್ಬನೇ ನಾಲ್ಕೂವರೆ ವರ್ಷ ಕೂತು 'ಸ್ಟಾರ್‌ಡ್ಯೂ ವ್ಯಾಲಿ' ಮಾಡಿದ. ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲ ಅವನದೇ. 2016ರಲ್ಲಿ ಹೊರಬಂದ ಆ ಆಟ ಯಾವುದರ ಬಗ್ಗೆ ಗೊತ್ತೇ? ಒಕ್ಕಲುತನದ ಬಗ್ಗೆ! ಕಬ್ಬಿನ ಸೀಮೆಯವರಿಗೆ ತಿಳಿಯದ ವಿಷಯವೇ ಅದು? ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಆಟಕ್ಕೆ 2017ರಲ್ಲಿ ಸಾರ್ವಜನಿಕ ಚಂದಾ ಸಾಲದೆ ಹೋಯಿತು. ಆದರೂ ಪಟ್ಟು ಬಿಡದೆ 2020ರಲ್ಲಿ ಅದನ್ನು ಹೊರತಂದರು.

ಖರ್ಚಿನ ಲೆಕ್ಕವೂ ಬೇಕಲ್ಲ? 'ಸ್ಟೀಮ್' ಎಂಬ ಪೇಟೆಗೆ ಆಟವಿಡಲು 100 ಡಾಲರ್ ಫೀ. ಮಾರಿದ ಮೇಲೆ ಸಾಮಾನ್ಯವಾಗಿ ನೂರಕ್ಕೆ 30 ಕಮಿಷನ್. ಅಡತಿ ಅಂಗಡಿಯವರಿಗೂ ಇಷ್ಟು ದಲಾಲಿ ಕಂಡರೆ ತಲೆ ತಿರುಗೀತು! ಎಲ್ಲಕ್ಕಿಂತ ದೊಡ್ಡ ಖರ್ಚು ಮಾತ್ರ ನಿದ್ದೆಯದು. ಆಟ ಹೊರಬೀಳುವ ದಿನ ಹತ್ತಿರ ಬಂತೆಂದರೆ ಕಂಪನಿಯಲ್ಲೇ ರಾತ್ರಿಯಾಗುತ್ತದೆ. ಆಗ ಸ್ವಂತದ್ದನ್ನು ಮುಚ್ಚಿಟ್ಟು ಮಲಗುವುದೇ ಜಾಣತನ.

ಆದ್ದರಿಂದ ತಂದೆ-ತಾಯಿಗಳೇ, "ಪಗಾರ ಎಷ್ಟಪ್ಪಾ?" ಎಂದು ಕೇಳುವ ಮೊದಲು "ಕಾಗದ ಪೂರ್ತಿ ಓದೀಯೇನು?" ಎಂದು ಕೇಳಿ. ತಿಳಿಯದಿದ್ದರೆ ಪರಿಚಯದ ವಕೀಲರಿಗೆ ತೋರಿಸಲಿ. ಅನುಮತಿ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ. ಕಂಪನಿಯ ಲ್ಯಾಪ್‌ಟಾಪು ಕಂಪನಿ ಕೆಲಸಕ್ಕೆ ಮಾತ್ರ. ಸ್ವಂತದ್ದಕ್ಕೆ ಹಳೆಯದಾದರೂ ತನ್ನದೇ ಇರಲಿ. ಯಾವ ದಿನ ಏನು ಮಾಡಿದೆನೆಂಬ ಲೆಕ್ಕ ಬರೆದಿಡಲಿ. ಅಂಗಡಿಯವರಿಗೆ ಗೊತ್ತು: ಖಾತೆ-ಕೀರ್ದಿ ಸರಿ ಇದ್ದವನ ಹತ್ತಿರ ತಕರಾರು ಹೆಚ್ಚು ಹೊತ್ತು ನಿಲ್ಲದು.