ನೆಟ್‌ವರ್ಕ್ ಇಲ್ಲದಾಗ ಲ್ಯಾಪ್‌ಟಾಪ್ ನಿಮ್ಮನ್ನು ಹೇಗೆ ಗುರುತಿಸುತ್ತೆ?

ಆಫೀಸಿನ ಲ್ಯಾಪ್‌ಟಾಪ್ ಹಿಡಿದು ವಿಮಾನ ಹತ್ತಿದ್ದೀರಿ. ಇಂಟರ್ನೆಟ್ ಇಲ್ಲ, ಸರ್ವರ್ ಸಿಗೋ ಮಾತೇ ಇಲ್ಲ. ಆದ್ರೂ ಪಾಸ್‌ವರ್ಡ್ ಕೊಟ್ಟ ಕೂಡಲೇ ನಿಮ್ಮ ಕಡತಗಳೆಲ್ಲ ತೆರೆದುಕೊಳ್ಳುತ್ತವೆ. ಹೇಗೆ?

ಹಿಂದೆ ನೆಟ್‌ವರ್ಕ್‌ನಲ್ಲಿದ್ದಾಗ ನೀವು ಲಾಗಿನ್ ಆಗಿದ್ರಲ್ಲ, ಆಗ ವಿಂಡೋಸ್ ನಿಮ್ಮ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಒಂದು ಗುರುತನ್ನು ಉಳಿಸಿಕೊಂಡಿರುತ್ತೆ. ಹಾಗಾಗಿ ಆ ಲ್ಯಾಪ್‌ಟಾಪ್‌ಗೆ ಒಮ್ಮೆಯೂ ಲಾಗಿನ್ ಆಗದವರು ಆಫ್‌ಲೈನ್‌ನಲ್ಲಿ ಒಳಗೆ ಹೋಗಲಾರರು. ಪಾಸ್‌ವರ್ಡನ್ನು ಬೇರೆ ಕಡೆ ಬದಲಿಸಿದ್ರೆ, ಮತ್ತೆ ಆಫೀಸಿನ ನೆಟ್‌ವರ್ಕ್ ಸಿಗೋವರೆಗೂ ಇಲ್ಲಿ ಹಳೆಯದೇ ನಡೆಯುತ್ತೆ!

ಒಳಗೆ ಹೋಗೋದೇನೋ ಸುಲಭ. ಕಷ್ಟ ಇರೋದು ವಾಪಸ್ ಬಂದಾಗ. 'ರೋಮಿಂಗ್ ಪ್ರೊಫೈಲ್' ಅನ್ನೋ ವ್ಯವಸ್ಥೆಯಲ್ಲಿ ನಿಮ್ಮ ಸೆಟ್ಟಿಂಗ್‌ಗಳು ಲಾಗಿನ್ ಆದಾಗ ಸರ್ವರ್‌ನಿಂದ ಇಳಿಯುತ್ತವೆ, ಲಾಗ್ಆಫ್ ಆದಾಗ ಮೇಲೇರುತ್ತವೆ. ಪ್ರವಾಸದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಸೆಟ್ಟಿಂಗ್ ಬದಲಿಸಿದಿರಿ ಅಂದ್ಕೊಳ್ಳಿ. ಆಫೀಸಿಗೆ ಬಂದು ಮೊದಲು ಮೇಜಿನ ಕಂಪ್ಯೂಟರ್ ಬಳಸಿ ಲಾಗ್ಆಫ್ ಮಾಡಿದಿರಿ. ಈಗ ಸರ್ವರ್‌ನಲ್ಲಿರೋದೇ ಹೊಸ ಪ್ರತಿ. ಆಮೇಲೆ ಲ್ಯಾಪ್‌ಟಾಪ್ ತೆರೆದ್ರೆ, ನಿಮ್ಮ ಪ್ರವಾಸದ ಬದಲಾವಣೆಗಳ ಮೇಲೆ ಅದು ಬಂದು ಕೂರುತ್ತೆ. ಯಾವ ಎಚ್ಚರಿಕೆಯೂ ಇಲ್ಲ. ಗಡಿಯಾರಕ್ಕೆ ಯಾವುದು ಕೊನೆಯದು ಅಂತ ಗೊತ್ತು. ಯಾವುದು ಬೇಕಾದದ್ದು ಅಂತ ಗೊತ್ತಿಲ್ಲ.

ಈ ಪ್ರಶ್ನೆಯನ್ನು ಬೆನ್ನುಹತ್ತಿದವರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಹದೇವ್ ಸತ್ಯನಾರಾಯಣನ್ ಮುಖ್ಯರು. ಅವರ ತಂಡದ 'ಕೋಡಾ' ಕಡತ ವ್ಯವಸ್ಥೆ ಕೆಲಸವನ್ನು ಮೂರು ಹಂತವಾಗಿ ನೋಡಿತು: ಸಂಪರ್ಕ ಇದ್ದಾಗ ಬೇಕಾದ ಕಡತ ಕೂಡಿಡು, ತಪ್ಪಿದಾಗ ಅದರಲ್ಲೇ ಕೆಲಸ ಸಾಗಿಸು, ಮರಳಿದಾಗ ಬದಲಾವಣೆಗಳನ್ನು ಸರ್ವರ್‌ಗೆ ಒಪ್ಪಿಸು. ಒಂದೇ ಕಡತ ಎರಡೂ ಕಡೆ ಬದಲಾಗಿದ್ರೆ ಸುಮ್ಮನೆ ಅಳಿಸದೆ, ಘರ್ಷಣೆ ಇದೆ ಅಂತ ಗುರುತಿಸುತ್ತಿತ್ತು. ಇದನ್ನು ವಿವರಿಸಿದ ಪ್ರಬಂಧ ಹೊರಬಂದದ್ದು 1991ರಲ್ಲಿ. ಮುಂದೆ ವಿಂಡೋಸ್ 2000ದಲ್ಲಿ ಬಂದ 'ಆಫ್‌ಲೈನ್ ಫೈಲ್ಸ್' ಕೂಡ ಇಂಥ ಸಂದರ್ಭದಲ್ಲಿ ನಿಮ್ಮನ್ನೇ ಕೇಳುತ್ತೆ: ಇದಾ, ಅದಾ, ಎರಡೂ ಬೇಕಾ?

ಹಾಗಾದ್ರೆ ನಾವೇನು ಮಾಡಬಹುದು? ಹೊರಡೋ ಮುಂಚೆ ಆಫೀಸಿನ ನೆಟ್‌ವರ್ಕ್‌ನಲ್ಲೇ ಒಮ್ಮೆ ಲಾಗಿನ್ ಆಗಿ, ಸಿಂಕ್ ಮುಗಿಯೋವರೆಗೆ ಕಾಯಿರಿ. ಬಂದ ಮೇಲೆ ಮೊದಲು ಲ್ಯಾಪ್‌ಟಾಪನ್ನೇ ನೆಟ್‌ವರ್ಕ್‌ಗೆ ಸೇರಿಸಿ, ಲಾಗಿನ್ ಆಗಿ, ಸರಿಯಾಗಿ ಲಾಗ್ಆಫ್ ಮಾಡಿ. ಮುಚ್ಚಳ ಮುಚ್ಚಿದ್ರೆ ಸಾಲದು. ಆಮೇಲೆ ಬೇರೆ ಕಂಪ್ಯೂಟರ್ ಮುಟ್ಟಿ. ಎರಡು ಪ್ರತಿ ಇದ್ದಲ್ಲಿ ಯಾವುದು ಅಸಲಿ ಅಂತ ಹೇಳಬೇಕಾದವರು ನೀವೇ.